ಮಿತವ್ಯಯ

‘ಮಿತವ್ಯಯ’ವೆಂದರೆ ಕಡಿಮೆ ಖರ್ಚು ಎಂದೇ ಸಾಮಾನ್ಯವಾದ ತಿಳಿವಳಿಕೆ. ಇದರಿಂದ ಆ ಶಬ್ದಕ್ಕೆ ಅನ್ಯಾಯವಾಗಿದೆಯೆಂದು ನನಗೆ ತೋರುತ್ತದೆ. ‘ಮಾ’ ಎಂಬ ಸಂಸ್ಕೃತ ಧಾತುವಿಗೆ ಅಳೆಯುವುದೆಂದು ಅರ್ಥ. ಪ್ರಮಾಣ, ಪರಿಮಾಣಗಳೂ ಅದರಿಂದಲೇ ಬಂದ ಮಾತುಗಳು. ಆದುದರಿಂದ ‘ಮಿತ’ವೆಂದರೆ ಅಳೆದದ್ದು. ಮಿತಭಾಷಿಯು ಮೂಕನಲ್ಲ, ಮಿತಾಹಾರಿಯು ಉಪವಾಸಿಯಲ್ಲ. ಇನ್ನು ‘ವ್ಯಯ’ವೆಂದರೆ ಕೈಬಿಟ್ಟು ಹೋಗುವುದು; ಅದೇ ತದ್ಭವವಾಗಿ ನಮ್ಮ ‘ವೆಚ್ಚ’ವಾಗಿದೆ. ಅಳತೆಯರಿತು ಮಾಡುವ ವೆಚ್ಚವೇ ಮಿತವ್ಯಯ.

ಮನೆಮಾತಿನಲ್ಲಿ ಇದನ್ನು ‘ಹಿಡಿತ’ ಎನ್ನುತ್ತೇವೆ. ಲಗಾಮು ಹಿಡಿದವನು ಕುದುರೆಯನ್ನು ಸದಾ ನಿಲ್ಲಿಸಿಕೊಂಡೇ ಇರುವುದಿಲ್ಲ, ಬೇಕಾದಾಗ ಓಡಿಸುತ್ತಾನೆ. ಮಕ್ಕಳ ಓದಿಗೆ ಸಾವಿರ ಕೊಟ್ಟು, ಆಡಂಬರಕ್ಕೆ ನೂರನ್ನೂ ಕೊಡದವನು ಮಿತವ್ಯಯಿ. ಎರಡಕ್ಕೂ ಕೊಡದವನು ಜಿಪುಣ. ಸಂಸ್ಕೃತದಲ್ಲಿ ಅವನಿಗೆ ‘ಕೃಪಣ’ನೆಂದು ಹೆಸರು, ದೀನ, ಕನಿಕರಕ್ಕೆ ಪಾತ್ರನಾದವನು ಎಂಬ ಅರ್ಥವೂ ಆ ಶಬ್ದಕ್ಕುಂಟು. ಇದ್ದೂ ಇಲ್ಲದವನಂತೆ ಬಾಳುವವನನ್ನು ಕಂಡು ಭಾಷೆಯೇ ಮರುಗಿದಂತಿದೆ.

ಆದರೆ ಅಳೆಯಬೇಕಾದರೆ ಮುಂದೆ ರಾಶಿಯಿರಬೇಕು, ಕೈಯಲ್ಲಿ ಕೊಳಗವಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಹಾಸಿಗೆಯೇ ಗೇಣುದ್ದವಿರುವಾಗ ಕಾಲು ಮಡಿಸಿ ಮಲಗುವವನ ಸ್ಥಿತಿಯನ್ನು ಬಡತನವೆನ್ನಬೇಕೇ ಹೊರತು ಮಿತವ್ಯಯವೆನ್ನಲಾಗದು.

ಈ ಗುಣವನ್ನು ಹೆಚ್ಚಾಗಿ ಬೋಧಿಸಿರುವುದು ಹೆಂಗಸರಿಗೆ. ಯಾಜ್ಞವಲ್ಕ್ಯ ಸ್ಮೃತಿಯು ಗೃಹಿಣಿಗೆ ವಿಧಿಸುವ ಗುಣಗಳಲ್ಲಿ ವೆಚ್ಚಕ್ಕೆ ವಿಮುಖಳಾಗಿರುವುದೂ ಒಂದು. ಆ ಸ್ಮೃತಿಗೆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದಿಂದ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದವನು. ವ್ಯಾಖ್ಯಾನದ ಹೆಸರು ‘ಮಿತಾಕ್ಷರಾ’. ಅಳೆದ ಅಕ್ಷರಗಳುಳ್ಳದ್ದು ಎಂದರ್ಥ. ಗ್ರಂಥವೇನೂ ಕಿರಿದಲ್ಲ. ಅದರಲ್ಲಿ ಅವನು ಸ್ತ್ರೀಧನದ ಎಲ್ಲೆಯನ್ನು ಹಿಗ್ಗಿಸಿ, ಹೆಣ್ಣಿಗೆ ದಾಯವಾಗಿ ಬಂದದ್ದನ್ನೂ ಅವಳು ಕೊಂಡದ್ದನ್ನೂ ಅದರೊಳಗೆ ಸೇರಿಸಿದನು. ಆದರೂ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು ದೊರೆಯಲು ಕರ್ನಾಟಕದಲ್ಲಿ 1994ರ ತಿದ್ದುಪಡಿಯವರೆಗೆ, ದೇಶಕ್ಕೆಲ್ಲ ಅನ್ವಯಿಸುವಂತೆ 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಈ ನಡುವೆ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಬೊಕ್ಕಸವೆಂದರೆ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಚಿಲ್ಲರೆ. ಮಗುವಿನ ಔಷಧಿಗೆ, ತವರಿಗೆ ಹೋಗುವ ಬಸ್ಸಿನ ಚಾರ್ಜಿಗೆ ಅದೇ ಆಧಾರ. ನಾವು ಅದನ್ನು ಮಿತವ್ಯಯವೆಂದು ಹೊಗಳಿದೆವು; ಅವಳಿಗೆ ಅಳೆಯಲು ಬೇರೇನಿತ್ತೆಂದು ಕೇಳಲಿಲ್ಲ.

ಕೊಡಬಲ್ಲವನು ತನಗೆ ತಾನೇ ಹಾಕಿಕೊಂಡ ಅಳತೆಗೆ ಮಿತವ್ಯಯವೆಂಬ ಹೆಸರು ಒಪ್ಪುತ್ತದೆ. ಅದನ್ನು ಪರರಿಗೆ ಉಪದೇಶಿಸುವ ಮುನ್ನ ಕೊಳಗವು ಯಾರ ಕೈಯಲ್ಲಿದೆಯೆಂದು ನೋಡಿಕೊಳ್ಳುವುದು ಲೇಸು.