ಯಜಮಾನರ ತರುವಾಯ ಹೋಟೆಲು ಯಾರದು?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಾವಿನ ಮಾತನ್ನು ಸಭೆಯಲ್ಲಿ ಎತ್ತುವುದು ಅಪಶಕುನವೆಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಆದರೂ ಇಂದು ನಾವು ಆ ಮಾತನ್ನೇ ಎತ್ತಿಕೊಳ್ಳಬೇಕಾಗಿದೆ. ಆಸ್ತಿಪಾಸ್ತಿಯ ಚಿಂತೆ ಧಣಿಗಳಿಗೆ, ನಮಗೇಕೆ ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದು ಕೇಳಿಸಿತು. ಇಂದು ಸಪ್ಲಾಯರ್ ಆಗಿರುವವನು ನಾಳೆ ನಾಲ್ಕಾಣೆ ಪಾಲಿನ ಪಾಲುದಾರ, ನಾಡಿದ್ದು ಸ್ವಂತ ದೋಸೆ ಅಂಗಡಿಯ ಒಡೆಯ. ನಮ್ಮ ಉಡುಪಿ ಹೋಟೆಲುಗಳು ಬೆಳೆದುಬಂದದ್ದೇ ಹೀಗೆ. ಅಲ್ಲದೆ ಧಣಿಗಳ ಮನೆಯಲ್ಲಿ ವ್ಯಾಜ್ಯ ಹುಟ್ಟಿ ಬಾಗಿಲಿಗೆ ಬೀಗ ಬಿದ್ದರೆ ಮೊದಲು ಬೀದಿಗೆ ಬರುವವರು ನಾವೇ.

ಮೊದಲು ಒಂದು ಒಳ್ಳೆಯ ಉದಾಹರಣೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಹೆಸರನ್ನು ಕೇಳದವರಿಲ್ಲ. ೧೯೨೪ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಅದನ್ನು ಆರಂಭಿಸಿದರು. ಮುಂದಿನ ತಲೆಗಳಲ್ಲಿ ಪೊಟ್ಟಣದ ಆಹಾರದ ಉದ್ಯಮ ಒಂದು ಕಡೆ, ಹೋಟೆಲು ಇನ್ನೊಂದು ಕಡೆ ಎಂದು ಬೇರೆ ಬೇರೆಯಾದವು. ಉದ್ಯಮವು ೨೦೦೭ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪೆನಿಗೆ ಮಾರಾಟವಾಯಿತು. ಹೋಟೆಲು ಕುಟುಂಬದವರಲ್ಲೇ ಉಳಿಯಿತು. ಹೀಗೆ ಪಾಲಾದ ಮೇಲೂ ಎರಡು ಕಡೆಯೂ ಒಲೆ ಆರಲಿಲ್ಲ. ಆದರೆ ನಮ್ಮ ಕರೋಲ್‌ಬಾಗಿನ, ಮುನಿರ್ಕಾದ, ನೋಯಿಡಾದ ಸಣ್ಣ ಹೋಟೆಲುಗಳಿಗೆ ಅಂಥ ದೊಡ್ಡ ಲೆಕ್ಕಪತ್ರವೆಲ್ಲಿ? ಇಲ್ಲಿ ಎಲ್ಲವೂ ಬಾಯಿಮಾತು.

ಯಜಮಾನನೊಬ್ಬ ಉಯಿಲು ಬರೆಯದೆ ತೀರಿಕೊಂಡನೆಂದು ಇಟ್ಟುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬ ಮಗಳು, ಊರಿನಲ್ಲಿ ಮುದಿ ತಾಯಿ ಇದ್ದಾರೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವನ ಸ್ವಂತ ಸಂಪಾದನೆ ಐದು ಸಮಪಾಲಾಗುತ್ತದೆ. ಮದುವೆ ಮಾಡಿ ಕಳಿಸಿದ್ದೇವೆ ಎಂಬ ಕಾರಣಕ್ಕೆ ಮಗಳ ಪಾಲು ಹೋಗುವುದಿಲ್ಲ. ತಾಯಿಗೂ ಒಂದು ಪಾಲುಂಟು. ತಂದೆಗೆ ಮಾತ್ರ ಈ ಮೊದಲ ಪಂಕ್ತಿಯಲ್ಲಿ ಎಲೆ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ೨೦೦೫ರ ತಿದ್ದುಪಡಿ ಹೇಳಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ೨೦೨೦ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕ್ರೈಸ್ತ ಬಂಧುಗಳಿಗೆ ೧೯೨೫ರ ಕಾಯಿದೆ ಬೇರೆ. ಮುಸಲ್ಮಾನ ಬಂಧುಗಳಿಗೆ ಅವರ ಧರ್ಮಶಾಸ್ತ್ರದ ಪಾಲು ಬೇರೆ, ವಾರಸುದಾರರು ಒಪ್ಪದ ಹೊರತು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಬರೆಯುವಂತಿಲ್ಲ.

ಈಗ ದಕ್ಷಿಣ ಕನ್ನಡದವರು ಸ್ವಲ್ಪ ಕಿವಿಗೊಡಬೇಕು. ನಮ್ಮಲ್ಲಿ ಅಳಿಯಸಂತಾನದ ನೆನಪು ಇನ್ನೂ ಗಟ್ಟಿಯಾಗಿದೆ. ಅಕ್ಕನ ಮಗನನ್ನು ಹದಿನಾಲ್ಕರ ವಯಸ್ಸಿಗೆ ದಿಲ್ಲಿಗೆ ಕರೆತಂದು, ಲೋಟ ತೊಳೆಸಿ, ಹಿಟ್ಟು ರುಬ್ಬಿಸಿ, ಕೊನೆಗೆ ಗಲ್ಲಾದಲ್ಲಿ ಕೂರಿಸಿದ ಮಾವಂದಿರು ಎಷ್ಟು ಮಂದಿಯಿಲ್ಲ! "ಇದೆಲ್ಲ ಮುಂದೆ ನಿನ್ನದೇ" ಎಂದು ಮಾವ ಹೇಳಿರುತ್ತಾನೆ. ಇಪ್ಪತ್ತು ವರ್ಷ ಅಳಿಯ ಅದನ್ನು ನಂಬಿರುತ್ತಾನೆ. ಆದರೆ ಮಾವನ ಸ್ವಂತ ಸಂಪಾದನೆಯ ಹೋಟೆಲಿಗೆ ಕಾಯಿದೆಯ ಪಟ್ಟಿಯಲ್ಲಿ ಸೋದರಳಿಯನು ಎರಡನೆಯ ವರ್ಗದ ನಾಲ್ಕನೆಯ ಸಾಲಿನಲ್ಲಿದ್ದಾನೆ. ಹೆಂಡತಿ, ಮಕ್ಕಳು, ತಾಯಿ ಇವರಲ್ಲಿ ಒಬ್ಬರಿದ್ದರೂ ಅವನಿಗೆ ಕವಡೆಯೂ ಇಲ್ಲ. ಮಾವನ ಹೆಂಡತಿ ಮಕ್ಕಳು ಕೆಟ್ಟವರೆಂದು ನಾವು ಹೇಳುವುದಿಲ್ಲ; ಅವರು ಕಾಯಿದೆ ಕೊಟ್ಟದ್ದನ್ನು ಕೇಳುತ್ತಾರೆ, ಅಷ್ಟೆ. ತಪ್ಪು ಬಾಯಿಮಾತಿನದು. ಅಳಿಯನಿಗೆ ಕೊಡುವ ಮನಸ್ಸಿದ್ದರೆ ಮಾವ ಉಯಿಲು ಬರೆಯಲಿ, ಇಲ್ಲವೇ ಬದುಕಿರುವಾಗಲೇ ಪತ್ರ ಮಾಡಿ ಪಾಲುದಾರನನ್ನಾಗಿ ಸೇರಿಸಿಕೊಳ್ಳಲಿ. ಅಳಿಯನೂ ನಾಚಿಕೆ ಬಿಟ್ಟು ಕೇಳಲಿ. ಕುಟುಂಬದ, ಕವರಿನ ಆಸ್ತಿಯಲ್ಲಿ ತನಗಿರುವ ಹಕ್ಕನ್ನು ಕೂಡ ಉಯಿಲಿನಿಂದ ಕೊಡಬಹುದೆಂದು ಅದೇ ಕಾಯಿದೆಯ ೩೦ನೆಯ ಕಲಮು ಸ್ಪಷ್ಟವಾಗಿ ಹೇಳಿದೆ.

ಪಾಲುದಾರಿಕೆಯ ವಿಷಯ ಇನ್ನೂ ಸಿಕ್ಕಿನದು. ೧೯೩೨ರ ಪಾಲುದಾರಿಕೆ ಕಾಯಿದೆಯಂತೆ, ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ಸತ್ತ ದಿನವೇ ಪಾಲುದಾರಿಕೆ ಮುರಿಯುತ್ತದೆ. ಉಳಿದವರು ನಡೆಸಿಕೊಂಡು ಹೋಗಬಹುದೆಂದು ಪತ್ರದಲ್ಲಿ ಬರೆದಿಟ್ಟರೆ ಮುರಿಯುವುದಿಲ್ಲ. ಆದರೆ ಇದು ಮೂವರು ಅಥವಾ ಹೆಚ್ಚು ಮಂದಿ ಇರುವಲ್ಲಿ ಮಾತ್ರ. ಇಬ್ಬರೇ ಇದ್ದರೆ ಒಬ್ಬನ ಮರಣದಿಂದ ಅದು ಮುಗಿದಂತೆಯೇ ಎಂದು ೧೯೬೫ರಲ್ಲಿ ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಬ್ಬನೇ ಪಾಲುದಾರಿಕೆ ನಡೆಸುವುದೆಂತು? ನಮ್ಮ ಹೋಟೆಲುಗಳಲ್ಲಿ ಬಹುಪಾಲು ಇಬ್ಬರದೇ.

ಸತ್ತವನ ವಿಧವೆ ಕುಂದಾಪುರದಲ್ಲಿದ್ದಾಳೆ, ಬದುಕಿರುವವನು ಇಲ್ಲಿ ಎಂದಿನಂತೆ ಇಡ್ಲಿ ಮಾರುತ್ತಿದ್ದಾನೆ. "ಅಕ್ಕಾ, ವ್ಯಾಪಾರ ಸರಿಯಿಲ್ಲ, ನೋಡೋಣ" ಎಂದು ತಿಂಗಳಿಗಿಷ್ಟು ಕಳಿಸುತ್ತಾನೆ. ಆಮೇಲೆ ಅದೂ ನಿಲ್ಲುತ್ತದೆ. ಈ ತಾಯಿಗೆ ಎರಡು ವಿಷಯ ತಿಳಿದಿರಬೇಕು. ಲೆಕ್ಕ ತೀರಿಸದೆ ಗಂಡನ ಬಂಡವಾಳವನ್ನು ಇಟ್ಟುಕೊಂಡೇ ವ್ಯಾಪಾರ ನಡೆಸಿದರೆ, ಬೇರೆ ಕರಾರು ಇಲ್ಲದಲ್ಲಿ, ಆ ಬಂಡವಾಳಕ್ಕೆ ಬಂದ ಲಾಭವನ್ನಾದರೂ ವರ್ಷಕ್ಕೆ ನೂರಕ್ಕೆ ೬ರಂತೆ ಬಡ್ಡಿಯನ್ನಾದರೂ ಕೇಳುವ ಹಕ್ಕು ಅವಳದು. ಯಾವುದು ಬೇಕೆಂದು ಆರಿಸುವವಳೂ ಅವಳೇ. ಎರಡನೆಯದು, ಮುರಿದ ಪಾಲುದಾರಿಕೆಯ ಲೆಕ್ಕ ಕೇಳಿ ದಾವೆ ಹೂಡಲು ಮೂರೇ ವರ್ಷ ಅವಧಿ. ಮಾಸಿಕ, ವರ್ಷಾಂತಿಕ, ಮಗಳ ಮದುವೆ ಎಂದು ಸುಮ್ಮನಿದ್ದರೆ ಆ ಮೂರು ವರ್ಷ ಕಳೆದುಹೋಗುತ್ತದೆ. ಪಾಲುದಾರಿಕೆ ನೋಂದಣಿಯಾಗಿಲ್ಲವೆಂಬುದು ಈ ದಾವೆಗೆ ಅಡ್ಡಿಯಲ್ಲ. ಆದರೆ ಬಾಯಿಮಾತಿನ ಪಾಲನ್ನು ರುಜುವಾತು ಮಾಡುವುದು ಕಷ್ಟ. ಒಂದು ಹಾಳೆಯ ಪಾಲುಪತ್ರ, ವರ್ಷಕ್ಕೊಮ್ಮೆ ಇಬ್ಬರೂ ರುಜು ಹಾಕಿದ ಲೆಕ್ಕ ಇಷ್ಟಿದ್ದರೂ ಸಾಕಾಗುತ್ತಿತ್ತು.

ಇನ್ನು ಜಾಗ. ದಿಲ್ಲಿಯಲ್ಲಿ ಹೋಟೆಲಿಗಿಂತ ಹೋಟೆಲಿನ ಜಾಗಕ್ಕೇ ಬೆಲೆ. ಹಳೆಯ ಬಾಡಿಗೆಯ ಅಂಗಡಿಗಳಿಗೆ ೧೯೫೮ರ ದಿಲ್ಲಿ ಬಾಡಿಗೆ ನಿಯಂತ್ರಣ ಕಾಯಿದೆಯ ರಕ್ಷಣೆಯುಂಟು. ಬಾಡಿಗೆದಾರ ಸತ್ತರೆ ಅಂಗಡಿಯ ಬಾಡಿಗೆ ಹಕ್ಕು ವಾರಸುದಾರರಿಗೆ ಇಳಿಯುತ್ತದೆಂದು ೧೯೮೫ರಲ್ಲಿ ಗ್ಯಾನ್ ದೇವಿ ಆನಂದ್ ಎಂಬ ವಿಧವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ತಿಂಗಳ ಬಾಡಿಗೆ ೩,೫೦೦ ರೂಪಾಯಿ ಮೀರಿದ ಜಾಗಗಳು ೧೯೮೮ರಿಂದ ಈ ಕಾಯಿದೆಯ ಹೊರಗೆ. ಅಲ್ಲಿ ಕರಾರುಪತ್ರದಲ್ಲಿ ಬರೆದದ್ದೇ ಮುಖ್ಯ. ಗುರುಗ್ರಾಮ ನೋಯಿಡಾಗಳಿಗೆ ಅವುಗಳ ರಾಜ್ಯದ ಕಾಯಿದೆ. ಇನ್ನು ಕೆಲವರು ಪವರ್ ಆಫ್ ಅಟಾರ್ನಿಯ ಮೇಲೆ ಅಂಗಡಿ "ಕೊಂಡಿದ್ದಾರೆ". ಇಂಥ ಕಾಗದದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸಾರಿದೆ. ಅಂಥವರು ಮಕ್ಕಳಿಗೆ ಬಿಟ್ಟುಹೋಗುವುದು ಅಂಗಡಿಯನ್ನೋ ತಲೆನೋವನ್ನೋ ಎಂದು ವಕೀಲರಲ್ಲಿ ಈಗಲೇ ವಿಚಾರಿಸುವುದು ಮೇಲು.

ಬ್ಯಾಂಕಿನಲ್ಲಿ ನಾಮಿನಿ ಹೆಸರು ಬರೆಸಿದ್ದೇವೆ, ಇನ್ನೇನು ಎನ್ನುವವರುಂಟು. ನಾಮಿನಿ ಹಣವನ್ನು ಪಡೆದುಕೊಳ್ಳುವವನು, ಉಣ್ಣುವವನೆಂದು ಹೇಳಲಾಗದು. ಬ್ಯಾಂಕಿನ ಠೇವಣಿಯ ಹಣ ವಾರಸುದಾರರದೇ. ವಿಮೆಯಲ್ಲಿ ಮಾತ್ರ ೨೦೧೫ರ ತಿದ್ದುಪಡಿಯ ನಂತರ ಹೆಂಡತಿ, ಮಕ್ಕಳು, ತಂದೆತಾಯಿಯರನ್ನು ನಾಮಿನಿ ಮಾಡಿದರೆ ಹಣ ಅವರದೇ ಆಗುತ್ತದೆ. ೨೦೨೫ರ ನವೆಂಬರಿನಿಂದ ಬ್ಯಾಂಕಿನ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಪ್ರಾವಿಡೆಂಟ್ ಫಂಡು ಇರುವ ಗಿರಣಿ, ಕಾರ್ಖಾನೆಯ ಗೆಳೆಯರು ಇದನ್ನು ಗಮನಿಸಬೇಕು: ಮದುವೆಗೆ ಮುಂಚೆ ಅಣ್ಣನ ಹೆಸರು ಬರೆಸಿದ್ದರೆ ಮದುವೆಯಾದ ಮೇಲೆ ಅದು ಊರ್ಜಿತವಲ್ಲ, ಹೊಸದಾಗಿ ಬರೆಸಬೇಕು.

ಉಯಿಲು ಬರೆಯುವುದು ನಾವು ಹೆದರುವಷ್ಟು ಕಷ್ಟವಲ್ಲ. ಛಾಪಾ ಕಾಗದ ಬೇಡ, ಕನ್ನಡದಲ್ಲೇ ಬರೆಯಬಹುದು. ಬರೆದವನು ರುಜು ಹಾಕಬೇಕು. ಅದನ್ನು ಕಂಡ, ಅಥವಾ ರುಜು ತನ್ನದೆಂದು ಅವನ ಬಾಯಿಂದಲೇ ಕೇಳಿದ ಇಬ್ಬರು ಸಾಕ್ಷಿಗಳು ಅವನೆದುರಿಗೆ ರುಜು ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು, ಕೊನೆಯದೇ ಸಲ್ಲುತ್ತದೆ. ಸಾಕ್ಷಿಯಾಗಿ ನಿಮಗಿಂತ ಹಿರಿಯ ಭಟ್ಟರನ್ನು ಕರೆಯಬೇಡಿ. ಅವರು ನಿಮಗಿಂತ ಮುಂಚೆ ಹೋದರೆ ಕೋರ್ಟಿನಲ್ಲಿ ಹೇಳುವವರಾರು? ಊರಿನ ಗದ್ದೆಯ ಸರ್ವೆ ನಂಬರು, ಇಲ್ಲಿನ ಖಾತೆಯ ನಂಬರು, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿ ಜೊತೆಗಿರಲಿ. ಪೌತಿ ಖಾತೆ ಮಾಡಿಸಲು ಮಕ್ಕಳು ತಾಲೂಕು ಕಚೇರಿಗೆ ಅಲೆಯುವುದು ಅಷ್ಟಾದರೂ ತಪ್ಪುತ್ತದೆ.

ತಾಯಂದಿರೂ ಉಯಿಲು ಬರೆಯಬೇಕು. ಮಕ್ಕಳಿಲ್ಲದ ವಿಧವೆ ಮೆಸ್ಸು ನಡೆಸಿ ಕೂಡಿಟ್ಟ ಸ್ವಂತ ಸಂಪಾದನೆ ಕೂಡ, ಉಯಿಲಿಲ್ಲದಿದ್ದರೆ, ತವರಿಗಿಂತ ಮೊದಲು ಗಂಡನ ಕಡೆಯವರಿಗೆ ಹೋಗುತ್ತದೆ. ಗಂಡನ ಮನೆಯವರು ಹೊರಹಾಕಿದ್ದ ವಿಧವೆಯೊಬ್ಬಳ ಗಳಿಕೆಯೂ ಆ ಮನೆಗೇ ಸೇರಿತೆಂದು ೨೦೦೯ರ ಓಂಪ್ರಕಾಶ್ ಮೊಕದ್ದಮೆಯಿಂದ ತಿಳಿಯುತ್ತದೆ. ಈ ಕಲಮು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಅದು ಬದಲಾಗುವ ತನಕ ಒಂದು ಹಾಳೆ ಕಾಗದವೇ ರಕ್ಷಣೆ.

ಕೊನೆಗೆ, ಧಣಿಗಳ ಬಳಿ ಸಂಬಳ ಬಿಟ್ಟಿರುವವರ ಮಾತು. ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೊಳ್ಳೋಣವೆಂದು ವರ್ಷಗಟ್ಟಲೆ ಬಿಡುತ್ತೀರಿ. ಧಣಿ ಸತ್ತರೆ ಅವನು ಬಿಟ್ಟುಹೋದ ಆಸ್ತಿಯಿಂದ ಸಾಲ ತೀರಬೇಕು. ಮಕ್ಕಳು ತಮ್ಮ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಚೀಟಿಯಿಲ್ಲದ ಹಣವನ್ನು ಅವರು ಒಪ್ಪುವುದು ಅವರ ಧರ್ಮಬುದ್ಧಿಗೆ ಬಿಟ್ಟದ್ದು. ಬಾಕಿಯಿದೆ ಎಂದು ಅವಧಿ ತೀರುವ ಮುಂಚೆ ಧಣಿಯಿಂದ ಬರೆಸಿ ರುಜು ಹಾಕಿಸಿಕೊಂಡರೆ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಪ್ರತಿ ದೀಪಾವಳಿಗೆ ಇಂಥದೊಂದು ಚೀಟಿ ಕೇಳಿ ಪಡೆಯಿರಿ. ಹಾಗೆಯೇ ಆಹಾರದ ಲೈಸೆನ್ಸು ಯಜಮಾನನ ಮರಣದ ನಂತರ ೯೦ ದಿನ ವಾರಸುದಾರರ ಅನುಕೂಲಕ್ಕಾಗಿ ನಡೆಯುತ್ತದೆ. ಅಷ್ಟರೊಳಗೆ ವರ್ಗಾವಣೆಯ ಅರ್ಜಿ ಬೀಳಬೇಕು. ದುಃಖದಲ್ಲಿರುವ ಮನೆಯವರಿಗೆ ಇದನ್ನು ನೆನಪಿಸುವ ಕೆಲಸ ಗಲ್ಲಾದವನದು.

ವಕೀಲರ ಫೀಜು ಎಲ್ಲಿಂದ ತರುವುದೆಂದು ಕೇಳಬಹುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ವರಮಾನದ ಮಿತಿಯುಂಟು. ತೀಸ್ ಹಜಾರಿ, ಪಟಿಯಾಲಾ ಹೌಸ್, ಸಾಕೇತ್ ಕೋರ್ಟುಗಳಲ್ಲಿ ಅವರ ಕಚೇರಿಗಳಿವೆ. ಹಿಂದಿ ಬಾರದ ತಾಯಂದಿರು ಸಂಘಕ್ಕೆ ತಿಳಿಸಿದರೆ ಜೊತೆಗೆ ಬರಲು ನಮ್ಮಲ್ಲಿ ಜನರಿದ್ದಾರೆ.