ಮೂರನೆಯ ತಿಂಗಳಲ್ಲೇ ಸಿಗುವ ಗರ್ಭನಂಜಿನ ಸುಳಿವು



ಮನೆಯ ಸೊಸೆ ಬಸುರಿಯೆಂಬ ಸುದ್ದಿಯನ್ನು ಮೊದಲ ಮೂರು ತಿಂಗಳು ಹೊರಗೆ ಆಡಬಾರದೆಂಬ ಪದ್ಧತಿ ನಮ್ಮ ಅನೇಕ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ದೃಷ್ಟಿಯಾದೀತೆಂಬ ಅಂಜಿಕೆ ಹಿರಿಯರದು. ನೆರೆಹೊರೆಯವರಿಗೆ ಹೇಳದಿದ್ದರೆ ನಷ್ಟವೇನೂ ಇಲ್ಲ. ಆದರೆ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ತಿಳಿಸದೆ ಉಳಿದರೆ, ಬಹಳ ಬೆಲೆಯುಳ್ಳ ಕೆಲವು ವಾರಗಳು ಕೈಬಿಟ್ಟು ಹೋಗುತ್ತವೆ. ಆ ವಾರಗಳ ವಿಚಾರವನ್ನೇ ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಕೆಲವು ಗರ್ಭಿಣಿಯರಿಗೆ ಐದು ತಿಂಗಳು ತುಂಬಿದ ಬಳಿಕ ರಕ್ತದ ಒತ್ತಡ ಏರುತ್ತದೆ. ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90, ಇವೆರಡರಲ್ಲಿ ಯಾವುದನ್ನು ಮುಟ್ಟಿದರೂ ಅದು ಹೆಚ್ಚಿನ ಒತ್ತಡವೇ. ಅದರೊಂದಿಗೆ ಮೂತ್ರದಲ್ಲಿ ಪ್ರೋಟೀನು ಹೋಗತೊಡಗಿದರೆ, ಅಥವಾ ಮೂತ್ರಪಿಂಡ, ಯಕೃತ್ತು ಮೊದಲಾದ ಅಂಗಗಳಿಗೆ ಧಕ್ಕೆ ತಗಲಿದರೆ, ಅದನ್ನು ಗರ್ಭನಂಜು ಎಂದು ಕರೆಯುತ್ತೇವೆ. ನಂಜೆಂದರೆ ಯಾರೋ ಇಕ್ಕಿದ ವಿಷವಲ್ಲ, ಉಂಡ ಪದಾರ್ಥದ ದೋಷವೂ ಅಲ್ಲ. ಅದು ಉಲ್ಬಣಿಸಿದರೆ ತಾಯಿಗೆ ಸೆಳವು ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಕೂಸು ಹೊಟ್ಟೆಯಲ್ಲೇ ಸೊರಗಬಹುದು, ಸಾಯಲೂಬಹುದು. ಸೆಳವು ಬಂದ ಹೆಂಗಸಿಗೆ ಗಾಳಿ ಸೋಕಿದೆಯೆಂದು ಭಾವಿಸಿ ಮಂತ್ರ ಹಾಕಿಸಲು ಕರೆದೊಯ್ದು, ಆಸ್ಪತ್ರೆಗೆ ತರುವ ವೇಳೆಗೆ ಕಾಲ ಮೀರಿರುವುದುಂಟು.

ಈ ರೋಗದ ಬೇರು ಎಲ್ಲಿದೆ? ಗದ್ದೆಗೆ ನೀರು ಹಾಯಿಸುವವರಿಗೆ ಇದನ್ನು ತಿಳಿಸುವುದು ಸುಲಭ. ಕೂಸಿಗೆ ಆಹಾರ ಒದಗಿಸುವ ಮಾಸು ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಆ ಗೋಡೆಯಲ್ಲಿ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಗರ್ಭ ನಿಂತ ಮೇಲೆ ಮಾಸಿನ ಜೀವಕೋಶಗಳು ಈ ನಾಳಗಳೊಳಕ್ಕೆ ಇಳಿದು, ಅವುಗಳ ಬಿಗಿಯನ್ನು ಸಡಿಲಿಸಿ ಅಗಲ ಮಾಡುತ್ತವೆ. ಇಕ್ಕಟ್ಟಾದ ಕಾಲುವೆಯನ್ನು ಕಡಿದು ಅಗಲಿಸಿದಂತೆ ಇದು. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ಮಾಸಿಗೆ ಸಾಕಷ್ಟು ರಕ್ತ ಹರಿಯದು. ಹಸಿದ ಮಾಸು ತಾಯಿಯ ರಕ್ತಕ್ಕೆ ಬಿಡುವ ಕೆಲವು ವಸ್ತುಗಳು ಆಕೆಯ ಮೈಯೆಲ್ಲದರ ರಕ್ತನಾಳಗಳನ್ನು ಕೆಡಿಸುತ್ತವೆ, ಒತ್ತಡ ಏರುತ್ತದೆ. ಗಮನಿಸಬೇಕಾದ ಸಂಗತಿ ಇದು: ಕಾಲುವೆಯ ತೊಡಕು ಮೊದಲ ತಿಂಗಳುಗಳಲ್ಲೇ ಉಂಟಾಗಿರುತ್ತದೆ. ಆಗ ತಾಯಿಗೆ ಯಾವ ಬಾಧೆಯೂ ಇರುವುದಿಲ್ಲ, ಒತ್ತಡವೂ ಸರಿಯಾಗಿಯೇ ಇರಬಹುದು. ಬೆಳೆ ಬಾಡುವುದು ಆಮೇಲೆ.

ಬಾಡುವ ಮೊದಲೇ ಕಾಲುವೆಯನ್ನು ನೋಡಲು ಬರುವುದೇ ಎಂದು ನೀವು ಕೇಳಬಹುದು. ಬರುತ್ತದೆ. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳಿಂದ ಗರ್ಭದ ಚಿತ್ರ ಪಡೆಯುವ ವಿಧಾನವನ್ನು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದರು. ನಾವು ಸ್ಕ್ಯಾನಿಂಗ್ ಎನ್ನುವುದು ಇದನ್ನೇ. ಬಸ್ಸು ಹಾರನ್ ಹಾಕುತ್ತ ಹತ್ತಿರ ಬರುವಾಗ ಒಂದು ಸ್ವರ, ದಾಟಿ ಹೋದಾಗ ಇನ್ನೊಂದು ಸ್ವರ ಕೇಳಿಸುತ್ತದಲ್ಲವೇ? ಆಸ್ಟ್ರಿಯಾದ ವಿಜ್ಞಾನಿ ಡಾಪ್ಲರ್ 1842ರಲ್ಲಿ ವಿವರಿಸಿದ ಈ ತತ್ವದಿಂದ, ಹರಿಯುವ ರಕ್ತದ ವೇಗವನ್ನೂ ಅದಕ್ಕಿರುವ ತಡೆಯನ್ನೂ ಅಳೆಯಬಹುದು. ಗರ್ಭಕೋಶಕ್ಕೆ ಎಡಬಲಗಳಿಂದ ರಕ್ತ ತರುವ ಎರಡು ನಾಳಗಳಲ್ಲಿ ತಡೆ ಹೆಚ್ಚಿದ್ದರೆ, ಮುಂದೆ ನಂಜು ಬರುವ ಸಂಭವವೂ ಹೆಚ್ಚು. ಈ ಪರೀಕ್ಷೆಗೆ ತಕ್ಕ ಸಮಯ 11ನೆಯ ವಾರ ತುಂಬಿದಂದಿನಿಂದ 14ನೆಯ ವಾರ ತುಂಬುವವರೆಗೆ. ಇದರಿಂದ ನೋವಿಲ್ಲ, ಸೂಜಿ ಚುಚ್ಚುವುದಿಲ್ಲ.

ಆದರೆ ಸ್ಕ್ಯಾನಿಂಗ್ ಒಂದನ್ನೇ ನೆಚ್ಚಿ ಕೂಡಬಾರದು. ಅದು ಜ್ಯೋತಿಷ್ಯವಲ್ಲ. ತಡೆ ಕಂಡುಬಂದ ಎಲ್ಲರಿಗೂ ನಂಜು ಬರುವುದಿಲ್ಲ, ಕಾಣದ ಎಲ್ಲರೂ ಪಾರಾಗುವುದೂ ಇಲ್ಲ. ಅದಕ್ಕಾಗಿ ಎರಡೂ ತೋಳುಗಳ ಒತ್ತಡ, ಒಂದು ರಕ್ತಪರೀಕ್ಷೆ, ಗರ್ಭಿಣಿಯ ಪೂರ್ವಚರಿತ್ರೆ, ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಹೀಗೆ ಕೂಡಿಸಿದರೆ, 37 ವಾರಗಳಿಗೆ ಮೊದಲೇ ತಲೆದೋರುವ ತೀವ್ರವಾದ ನಂಜನ್ನು ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಮುಂಚಿತವಾಗಿ ಗುರುತಿಸಬಹುದು. ದಿನ ತುಂಬಿದ ಮೇಲೆ ಬರುವ ನಂಜಿನಲ್ಲಿ ಅರ್ಧದಷ್ಟೂ ಸಿಕ್ಕುವುದಿಲ್ಲ.

ಮುಂಚೆ ತಿಳಿದು ಆಗುವ ಪ್ರಯೋಜನವೇನು? ತಲೆನೋವಿಗೆ ಬಳಸುತ್ತಿದ್ದ ಆಸ್ಪಿರಿನ್ ಮಾತ್ರೆ ಎಲ್ಲರಿಗೂ ಗೊತ್ತು. ಅದನ್ನು ಅಲ್ಪ ಪ್ರಮಾಣದಲ್ಲಿ, ಅಪಾಯವಿರುವ ಗರ್ಭಿಣಿಗೆ 16 ವಾರಗಳೊಳಗೆ ಆರಂಭಿಸಿ ದಿನವೂ ಕೊಟ್ಟರೆ ನಂಜನ್ನು ಬಹುಮಟ್ಟಿಗೆ ತಡೆಯಬಹುದು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ, 37 ವಾರಗಳ ಮೊದಲೇ ಬರುವ ನಂಜು ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಐದನೆಯ ತಿಂಗಳ ಹೊತ್ತಿಗೆ ಬಂದವರಿಗೆ ಈ ಲಾಭ ಅಷ್ಟಾಗಿ ದೊರೆಯದು. ಸುದ್ದಿ ಮುಚ್ಚಿಟ್ಟರೆ ಕೈಬಿಡುವ ವಾರಗಳೆಂದು ಆರಂಭದಲ್ಲಿ ಹೇಳಿದ್ದು ಇವನ್ನೇ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು. ಯಾರಿಗೆ, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಡಾಪ್ಲರ್ ಪರೀಕ್ಷೆ ಎಲ್ಲ ಊರುಗಳಲ್ಲಿಯೂ ದೊರೆಯದು. ದೊರೆಯದಿದ್ದರೂ ವೈದ್ಯರು ಮಾತಿನಿಂದಲೇ ಬಹಳಷ್ಟು ತಿಳಿಯಬಲ್ಲರು. ಹಿಂದಿನ ಹೆರಿಗೆಯಲ್ಲಿ ಒತ್ತಡ ಏರಿತ್ತೇ? ಗರ್ಭಕ್ಕೆ ಮೊದಲೇ ಒತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇತ್ತೇ? ಅವಳಿ ಮಕ್ಕಳೇ? ಇವುಗಳಲ್ಲಿ ಒಂದಿದ್ದರೂ ಅಪಾಯ ಹೆಚ್ಚು. ಚೊಚ್ಚಲ ಬಸಿರು, ತಾಯಿಗೋ ಒಡಹುಟ್ಟಿದ ಅಕ್ಕತಂಗಿಗೋ ಬಂದಿದ್ದ ನಂಜು, 35 ದಾಟಿದ ವಯಸ್ಸು, ಅತಿಯಾದ ಮೈತೂಕ, ಇವೂ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ವೈದ್ಯರ ಬಳಿಗೆ ಹೋಗುವ ಮೊದಲು ತವರಿನಲ್ಲಿ ತಾಯಿಯನ್ನು ಕೇಳಿ ತಿಳಿದುಕೊಳ್ಳಿರಿ.

ಗಂಡಂದಿರಿಗೆ ಪ್ರತ್ಯೇಕವಾಗಿ ಒಂದು ಮಾತು. ಸ್ಕ್ಯಾನಿಂಗ್ ಎಂದೊಡನೆ ಗಂಡೋ ಹೆಣ್ಣೋ ಎಂದು ಕೇಳಲು ಹೊರಡುವವರಿದ್ದಾರೆ. 1994ರ ಕಾಯಿದೆಯಂತೆ ಕೇಳುವುದೂ ಹೇಳುವುದೂ ಅಪರಾಧ. ಆ ಯಂತ್ರದ ಮುಂದೆ ನೀವು ಕೇಳಬೇಕಾದದ್ದು ಹೆಂಡತಿಯ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂಬುದನ್ನು.

ಮುಂದಿನ ತಿಂಗಳುಗಳಲ್ಲಿ ಪ್ರತಿ ಭೇಟಿಯಲ್ಲಿಯೂ ಒತ್ತಡ ಅಳೆಸಿರಿ, ಮೂತ್ರ ಪರೀಕ್ಷೆ ಮಾಡಿಸಿರಿ. ಕೊಟ್ಟ ಕ್ಯಾಲ್ಸಿಯಂ ಮಾತ್ರೆಗಳನ್ನು ಗೂಡಿನಲ್ಲಿ ಇಡದೆ ನುಂಗಿಸಿರಿ. ಕಾಲು ಸ್ವಲ್ಪ ಬಾತರೆ ಬಸುರಿಯರಿಗೆ ಸಹಜವೆನ್ನುತ್ತಾರೆ, ಅದು ನಿಜವೇ. ಆದರೆ ಮುಖ, ಕೈಗಳು ಫಕ್ಕನೆ ಬಾತರೆ, ತಡೆಯಲಾರದ ತಲೆನೋವು ಬಂದರೆ, ಕಣ್ಣು ಮಂಜಾದರೆ ಅಥವಾ ಮಿಂಚಿದಂತಾದರೆ, ಎದೆಗುಂಡಿಗೆಯ ಕೆಳಗೆ ನೋವು ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯಬೇಡಿರಿ. ಸೆಳವು ಬಂದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆಮಾಡಿರಿ. ಮೆಗ್ನೀಸಿಯಂ ಸಲ್ಫೇಟ್ ಎಂಬ ಚುಚ್ಚುಮದ್ದು ಸೆಳವನ್ನು ತಡೆಯುತ್ತದೆ. ಹೆರಿಗೆಯಾದ ಮೇಲೂ ಕೆಲವು ವಾರ ಈ ಎಚ್ಚರ ಬೇಕು, ಬಾಣಂತಿಗೂ ಸೆಳವು ಬಂದೀತು.

2016ರಲ್ಲಿ ಆರಂಭವಾದ ಯೋಜನೆಯಂತೆ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಮುಟ್ಟು ತಪ್ಪಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು, ಇಬ್ಬರೂ ಕೂಡಿ ಹೋಗಿರಿ. ಅಳೆದ ಒತ್ತಡದ ಎರಡೂ ಅಂಕಿಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೇ ಹೊರಡಿರಿ.