ಹೊರಠಾಣೆಗೆ ಬೀಗ ಬಿದ್ದ ಊರಲ್ಲಿ



ಹೋಬಳಿ ಊರುಗಳಿಗೆ ಇನ್ನು ಹೊರಠಾಣೆ ಬೇಕಿಲ್ಲ, 112ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ನಮ್ಮ ಹೋಬಳಿಯ ಹೊರಠಾಣೆ ಬಸ್ ನಿಲ್ದಾಣದ ಮಗ್ಗುಲಲ್ಲಿದೆ. ಜಾತ್ರೆಯೋ ಮಂತ್ರಿಗಳ ಪ್ರವಾಸವೋ ಇದ್ದರೆ ಅಲ್ಲಿದ್ದವರನ್ನು ಬಂದೋಬಸ್ತಿಗೆ ಕರೆಸಿಕೊಳ್ಳುತ್ತಾರೆ, ಬಾಗಿಲಿಗೆ ಬೀಗ. ಅಂಥ ಒಂದು ಸಂಜೆ, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸೊಬ್ಬಳು ಕೈಕೂಸಿನೊಂದಿಗೆ ಆ ಜಗಲಿಯಲ್ಲಿ ಕೂತಿದ್ದಳು. ಫೋನ್ ನಂಬರಿನ ಚೀಟಿ ಅವಳ ಬೆನ್ನ ಹಿಂದಿನ ಬಾಗಿಲಿಗೇ ಅಂಟಿತ್ತು. ಮನೆಯಲ್ಲಿದ್ದ ಒಂದೇ ಫೋನು ಗಂಡನ ಕೈಲಿತ್ತು.

ಹಿಂದೆ ಊರು ಕಾಯುತ್ತಿದ್ದವನು ತಳವಾರ. ಆ ತಳವಾರಿಕೆ ಹುಟ್ಟಿನಿಂದ ತಲೆಗೆ ಕಟ್ಟಿದ ಕೆಲಸ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಅದನ್ನು ಕೊನೆಗಾಣಿಸಿದ್ದು ನ್ಯಾಯವೇ. ಆದರೆ ಯಾರ ಮನೆಯಲ್ಲಿ ಜಗಳ ಹೊಗೆಯಾಡುತ್ತಿದೆ, ಯಾವ ತೋಟದಲ್ಲಿ ಹೊಸಬರು ತಂಗಿದ್ದಾರೆ ಎಂದು ಬಲ್ಲವನ ಜಾಗಕ್ಕೆ ಯಾರೂ ಬರಲಿಲ್ಲ. 2017ರಲ್ಲಿ ಕಾನ್‌ಸ್ಟೇಬಲ್ಲರಿಗೆ ಒಂದೊಂದು ಬೀಟಿನ ಹೊಣೆ ವಹಿಸಿದ್ದು ಆ ತೆರವನ್ನು ತುಂಬುವ ತಡವಾದ ಪ್ರಯತ್ನವೆಂದೇ ನನ್ನ ಎಣಿಕೆ.

ನಮ್ಮ ಚರಿತ್ರೆಯ ಮೇಷ್ಟ್ರು ಕೆರೆ ಏರಿಯ ವೀರಗಲ್ಲಿನ ಮುಂದೆ ನಮ್ಮನ್ನು ನಿಲ್ಲಿಸುತ್ತಿದ್ದರು. ತುರುಗಾಳಗದಲ್ಲಿ ಸತ್ತ ವೀರ ಎಂದು ನಾವು ಒಪ್ಪಿಸಿದರೆ, “ಸತ್ತದ್ದು ಆಮೇಲಾಯ್ತು. ಹಟ್ಟಿಗೆ ಕಳ್ಳರು ಬಂದದ್ದು ಅವನಿಗೆ ಹೇಗೆ ಗೊತ್ತಾಯ್ತು? ಅದನ್ನು ಹೇಳ್ರೋ” ಎನ್ನುವರು. ಊರಲ್ಲೇ ಇದ್ದ, ಅದಕ್ಕೇ ಗೊತ್ತಾಯಿತು. ಪೊಲೀಸ್ ವ್ಯವಸ್ಥೆಯ ಬಗ್ಗೆ ಅದಕ್ಕಿಂತ ದೊಡ್ಡ ಪಾಠವನ್ನು ನಾನು ಕೇಳಿಲ್ಲ.

ಅಪಘಾತವಾದಾಗ 112 ಜೀವ ಉಳಿಸುತ್ತದೆ, ನಿಜ. ಆದರೆ ವಾಹನ ಬರುವುದು ಕರೆದಮೇಲೆ. ಗ್ರಾಮಾಂತರ ಠಾಣೆಯ ಸರಹದ್ದು 150 ಚದರ ಕಿಲೋಮೀಟರ್ ಮೀರಬಾರದೆಂದು ಧರ್ಮವೀರ ಅವರ ರಾಷ್ಟ್ರೀಯ ಪೊಲೀಸ್ ಆಯೋಗ ಹೇಳಿದ್ದು ಸುಮ್ಮನೆ ಅಲ್ಲ. ನಡೆದು ತಲುಪುವಷ್ಟು ದೂರದಲ್ಲಿ ತೆರೆದ ಬಾಗಿಲೊಂದು ಇರಬೇಕು.

ಒಂದು ತೊಡಕು ಮಾತ್ರ ನನಗೆ ಬಿಡಿಸಲಾಗಿಲ್ಲ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಲಿ ಎಂದು 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೀಟಿನ ಪೇದೆಗೆ ಎಷ್ಟು ವರ್ಷ? ಎರಡೇ ವರ್ಷದಲ್ಲಿ ಊರು ಅವನಿಗೆ ಬಾಯಿ ಬಿಡುತ್ತದೆಯೇ? ಹತ್ತು ವರ್ಷ ಇಟ್ಟರೆ ಯಾವುದೋ ಒಂದು ಪಾರ್ಟಿಯ ಮನುಷ್ಯನಾಗನೇ? ಆಗ ಕೇರಿಯ ಹುಡುಗ ದೂರು ಹಿಡಿದು ಅವನ ಮುಂದೆ ನಿಂತಾನೇ?

ಈ ಸಭೆಯಲ್ಲಿ ನಿವೃತ್ತ ದಫೇದಾರರು ಇದ್ದರೆ ದಯವಿಟ್ಟು ಎದ್ದು ಮಾತಾಡಿ. ಅದು ತೀರ್ಮಾನವಾಗುವ ತನಕ ಹೊರಠಾಣೆಯಲ್ಲಿ ರಾತ್ರಿಯೂ ಒಬ್ಬರು ಮಹಿಳಾ ಪೇದೆ ಇರಲಿ ಎಂಬ ಅರ್ಜಿ ಬಾಗಿಲ ಬಳಿ ಇಟ್ಟಿದ್ದೇನೆ, ಸಹಿ ಹಾಕಿ ಹೋಗಿ.